ಓಡದ ಗರಿಬಾಲ್ದಿ ಮತ್ತು ಕ್ಷೌರಿಕ ಎವಾರಿಸ್ತೊ

ನಮ್ಮೂರಿನಲ್ಲಿ ಬೇಸ್‌ಬಾಲ್ ಆಟಗಾರ ಗರಿಬಾಲ್ದಿ ಪೆಗೆರೊನನ್ನು ಹೊಗಳದವನು ಒಬ್ಬನೇ ಇದ್ದ. ಅವನ ಕೈಯಲ್ಲಿ ಕ್ಷೌರದ ಕತ್ತಿ ಇರುತ್ತಿದ್ದುದರಿಂದ, ಕುರ್ಚಿಯಿಂದ ಎದ್ದ ಮೇಲಷ್ಟೇ ಜನ ಅವನೊಂದಿಗೆ ವಾದಕ್ಕಿಳಿಯುತ್ತಿದ್ದರು.

ಅವನು ಎವಾರಿಸ್ತೊ. ಸಕ್ಕರೆ ಕಾರ್ಖಾನೆಯ ಗೇಟಿನೆದುರು, ನನ್ನ ಕಿರಾಣಿ ಅಂಗಡಿಗೆ ಗೋಡೆ ಹಂಚಿಕೊಂಡೇ ಅವನ ಅಂಗಡಿ. ಹರೆಯದಲ್ಲಿ ಅವನೂ ಬೇಸ್‌ಬಾಲ್ ಆಡಿದವನು. ಜಿಂಕೆಯ ಹಾಗೆ ಓಡುತ್ತಾನೆಂದು ರಾಜಧಾನಿ ಸಾಂತೊ ದೊಮಿಂಗೊದಿಂದ ಆಟಗಾರರನ್ನು ಹುಡುಕಿಕೊಂಡು ಬಂದವರು ಆರಿಸಿ ಅಮೆರಿಕಕ್ಕೆ ಕಳಿಸಿದರು. ಯಾವುದೋ ಚಳಿಯೂರಿನ ಸಣ್ಣ ತಂಡ. ಕಾಲು ಚೆನ್ನಾಗಿಯೇ ಓಡುತ್ತಿತ್ತು, ಆದರೆ ಬ್ಯಾಟಿಗೆ ಚೆಂಡು ಸಿಕ್ಕರೆ ತಾನೇ ಓಡುವುದು? ಬೇಸರ ಕಳೆಯಲು ಜೊತೆಯ ಆಟಗಾರರ ತಲೆಗೂದಲು ಕತ್ತರಿಸುತ್ತ ಕುಳಿತ. ಬೇಸಿಗೆ ಮುಗಿಯುವಾಗ ತರಬೇತುದಾರ ಕರೆದು, “ಎವಾರಿಸ್ತೊ, ನಿನ್ನ ಕತ್ತರಿ ನಿನ್ನ ಬ್ಯಾಟಿಗಿಂತ ಎಷ್ಟೋ ವಾಸಿ ಕಣಪ್ಪ” ಎಂದು ಊರಿಗೆ ಕಳಿಸಿದನಂತೆ.

“ಓಡೋದ್ರಲ್ಲಿ ಗಟ್ಟಿಗ” ಎಂದು ಹೆಂಡತಿ ನೆರೆಯ್ದಾ ಈಗಲೂ ಹೇಳುತ್ತಾಳೆ. “ಅದ್ರಲ್ಲೂ ಮನೆ ಕಡೆ.”

ಗರಿಬಾಲ್ದಿಯ ಕತೆ ಬೇರೆ. ಇದೇ ಕಾರ್ಖಾನೆಯ ಬೀದಿಯ ಹುಡುಗ. ಅಮೆರಿಕದ ದೊಡ್ಡ ಲೀಗಿನಲ್ಲಿ ಚೆಂಡನ್ನು ಬೇಲಿಯಾಚೆ ಕಳಿಸಿ ನಾನೂರು ಚಿಲ್ಲರೆ ಹೋಮ್ ರನ್ ಹೊಡೆದ. ಅವನ ದಪ್ಪ ಮೀಸೆಯ ಚಿತ್ರ ನಮ್ಮಲ್ಲಿ ಬಸ್ಸಿನ ಹಿಂದೆ, ಸೋಡಾ ಬಾಟಲಿಯ ಮೇಲೆ, ಎಲ್ಲೆಲ್ಲೂ ಇತ್ತು. ಒಂದೇ ಕೊರತೆ. ಚೆಂಡು ಮೆತ್ತಗೆ ಎದುರಾಳಿಯ ಕೈಗೆ ಉರುಳಿದರೆ ಅವನು, ಬ್ಯಾಟ್ ಮಾಡಿದವನು ಓಡಲೇಬೇಕಾದ ಮೊದಲ ಬೇಸಿನ ಕಡೆ ಓಡುತ್ತಿರಲಿಲ್ಲ. ಸಂಜೆ ವಾಕಿಂಗ್ ಹೊರಟವನ ಹಾಗೆ ನಾಲ್ಕು ಹೆಜ್ಜೆ ಹಾಕಿ ತಿರುಗಿಬಿಡುತ್ತಿದ್ದ.

ನಿವೃತ್ತನಾದ ಮೇಲೆ ಪ್ರತಿ ಜನವರಿಯೂ ಅದೇ ಪಾಡು. ಬೇಸ್‌ಬಾಲಿನ ಮಹಾನ್ ಆಟಗಾರರ ಗೌರವಪಟ್ಟಿಗೆ, ಹಾಲ್ ಆಫ್ ಫೇಮ್‌ಗೆ, ಪತ್ರಕರ್ತರು ಮತ ಹಾಕುತ್ತಿದ್ದರು, ಗರಿಬಾಲ್ದಿ ಹೊರಗೇ ಉಳಿಯುತ್ತಿದ್ದ. ನಾವೆಲ್ಲ ಅವರನ್ನು ಬೈಯುತ್ತಿದ್ದೆವು. ಎವಾರಿಸ್ತೊ ಮಾತ್ರ, “ಸರಿಯಾಗೇ ಮಾಡಿದಾರೆ” ಎನ್ನುತ್ತಿದ್ದ.

“ಮಂಡಿ ನೋವಿತ್ತು ಕಣಯ್ಯ ಅವನಿಗೆ” ಎಂದು ರೇಗುತ್ತಿದ್ದವನು ತಿರ್ಸೊ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು, ಗರಿಬಾಲ್ದಿಯ ಪರಮ ಭಕ್ತ. “ನಿಂಗೆ ಹೊಟ್ಟೆಕಿಚ್ಚು.”

“ಹೊಟ್ಟೆಕಿಚ್ಚೂ ಇದೆ. ಆದ್ರೂ ಅವನು ಓಡ್ಲಿಲ್ಲ.”

ಒಂಬತ್ತನೇ ಸಲವೂ ಸೋತ ಮೇಲೆ, ಇರುವ ಹತ್ತು ಅವಕಾಶಗಳಲ್ಲಿ ಇನ್ನೊಂದೇ ಉಳಿದಿದ್ದಾಗ, ಗರಿಬಾಲ್ದಿ ಊರಲ್ಲೇ ನೆಲೆಸಲು ಬಂದ. ಒಂದು ಬೆಳಿಗ್ಗೆ ಸೀದಾ ಎವಾರಿಸ್ತೊನ ಕುರ್ಚಿಯಲ್ಲಿ ಬಂದು ಕುಳಿತ. ನನ್ನ ಅಂಗಡಿಯ ಗಿರಾಕಿಗಳೆಲ್ಲ ಕ್ಷೌರದಂಗಡಿಯ ಬಾಗಿಲಿಗೆ ನುಗ್ಗಿದರು. ನಾನೂ ನುಗ್ಗಿದೆ.

“ಡೋನ್ ಎವಾರಿಸ್ತೊ, ನಾನು ಲಾಯಕ್ಕಲ್ಲ ಅಂತ ಹೇಳ್ತಿದೀರಂತೆ” ಎಂದ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ.

“ಹೌದು. ತಲೆ ಬಗ್ಸು.”

“ಯಾಕೆ?”

“ಕತ್ತಿನ ಹಿಂದೆ ಕೂದಲಿದೆ.”

“ಅದಲ್ಲ. ಯಾಕೆ ಲಾಯಕ್ಕಲ್ಲ?”

“ನೀನು ಓಡ್ಲಿಲ್ಲ, ಮಗಾ.”

ಈಗ ಮಂಡಿಯ ಮಾತು ಬರುತ್ತದೆಂದು ತಿರ್ಸೊ ನನ್ನ ಪಕ್ಕೆ ತಿವಿದ. ಗರಿಬಾಲ್ದಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ.

“ನಿಜ, ಓಡ್ಲಿಲ್ಲ. ಮಂಡಿ ನೋವು ಅಂತ ಪೇಪರ್‌ನವರು ಬರೆದ್ರು, ನಾನೂ ಸುಮ್ನಿದ್ದೆ. ಏನೂ ಆಗಿರ್ಲಿಲ್ಲ. ಸೋಮಾರಿತನ. ಔಟ್ ಆಗೋದು ಗೊತ್ತಿದ್ಮೇಲೆ ಬೆವರ್ಯಾಕೆ ಸುರಿಸ್ಬೇಕು ಅನ್ನಿಸ್ತಿತ್ತು.”

ಮಂಡಿಯ ವಾದಕ್ಕೆ ಎವಾರಿಸ್ತೊ ವರ್ಷಗಳಿಂದ ಉತ್ತರ ಮಸೆದಿಟ್ಟುಕೊಂಡಿದ್ದ. ಅದೀಗ ಬೇಡವಾಯಿತು. ಗಡಿಬಿಡಿಯಲ್ಲಿ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಹಿಡಿದ. ಆ ಗಲಿಬಿಲಿಯಲ್ಲಿ ಕತ್ತಿ ಒಂದು ಬೆರಳಷ್ಟು ಮೇಲೆ ಹೋಯಿತು. ದೇಶವೆಲ್ಲ ಬಲ್ಲ ಮೀಸೆಯ ಎಡಭಾಗ ಟವೆಲಿನ ಮೇಲೆ ಬಿತ್ತು.

ತಿರ್ಸೊ ತಲೆಯ ಮೇಲೆ ಕೈ ಇಟ್ಟುಕೊಂಡ.

“ಇನ್ನೊಂದು ಕಡೆಯದನ್ನೂ ತೆಗೀರಿ” ಎಂದ ಗರಿಬಾಲ್ದಿ, ಕಣ್ಣು ಮುಚ್ಚಿಕೊಂಡು.

ಅವತ್ತಿನಿಂದ ಊರಿನ ವಾದ ತಿರುಗುಮುರುಗಾಯಿತು. ತಿರ್ಸೊಗೆ ಮೋಸಹೋದ ಸಂಕಟ. “ಅವನ ಮಂಡಿಗೋಸ್ಕರ ನಾನು ಚರ್ಚಲ್ಲಿ ಮೇಣದ ಬತ್ತಿ ಹಚ್ಚಿದೀನಿ. ಸೋಮಾರಿಗೆ ಯಾವ ಹಾಲ್ ಆಫ್ ಫೇಮು?” ಎಂದು ಕೂಗಾಡಿದ. ಎವಾರಿಸ್ತೊ ಬಂದವರ ಕಿವಿಯ ಸುತ್ತ ಕತ್ತರಿ ಆಡಿಸುತ್ತ, “ತಾನು ಸೋಮಾರಿ ಅಂತ ಒಪ್ಕೊಂಡ ಆಟಗಾರ ಇನ್ನೊಬ್ಬನ್ನ ತೋರ್ಸು ನೋಡೋಣ” ಎನ್ನತೊಡಗಿದ.

“ಇಷ್ಟು ವರ್ಷ ಬೈದೆ, ಈಗ ಹೊಗಳ್ತಿದೀಯ” ಎಂದಳು ನೆರೆಯ್ದಾ. “ನಡುವೆ ಒಂದಿನ ಸುಮ್ನಿರಬಹುದಿತ್ತು.”

ಕೊನೆಯ ಜನವರಿ ಬಂತು. ಸಂಜೆ ನನ್ನ ಅಂಗಡಿಯ ಟಿವಿಯ ಮುಂದೆ ಬೀದಿಯೇ ನೆರೆದಿತ್ತು. ನೂರಕ್ಕೆ ಎಪ್ಪತ್ತೈದು ಮತ ಬೇಕು, ಗರಿಬಾಲ್ದಿಗೆ ಬಂದದ್ದು ಅರವತ್ತೆರಡು. ತಿರ್ಸೊ ಎದ್ದು ಹೋಗಿ ಟಿವಿ ಆರಿಸಿದ. ಬೆನ್ನು ತಿರುಗಿಸಿಯೇ ನಿಂತಿದ್ದ. ಎಷ್ಟು ಕೂಗಾಡಿದ್ದರೂ ಅವನ ಆಸೆ ಹೋಗಿರಲಿಲ್ಲ.

“ಲಾಯಕ್ಕಲ್ಲ ಅನ್ನೋಕೆ ಇವರ್ಯಾರು?” ಎಂದ ಎವಾರಿಸ್ತೊ.

“ನೀನೇ ಅಂತಿದ್ಯಲ್ಲ.”

“ನಾನು ಅನ್ನಬಹುದು, ನೆರೆಯ್ದಾ. ನಾನು ಅವನೂರಿನವನು.”

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಕತ್ತರಿ, ಬಾಚಣಿಗೆ, ನೆರೆಯ್ದಾ ಕಟ್ಟಿಕೊಟ್ಟ ಹಿಸುಕಿದ ಬಾಳೆಕಾಯಿ ಮತ್ತು ಹುರಿದ ಸಲಾಮಿ ಮಾಂಸದ ಡಬ್ಬಿ ಹಿಡಿದು ಸಮುದ್ರದ ಬದಿಯ ಗರಿಬಾಲ್ದಿಯ ದೊಡ್ಡ ಮನೆಗೆ ಹೊರಟ. ಒಬ್ಬನೇ ಹೋಗಲು ಸಂಕೋಚವೆಂದು ನನ್ನನ್ನೂ ಎಳೆದುಕೊಂಡು ಹೋದ. ಗರಿಬಾಲ್ದಿ ವರಾಂಡದಲ್ಲಿ ಬರಿಮೈಯಲ್ಲಿ ಕುಳಿತಿದ್ದ. ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. ಎವಾರಿಸ್ತೊ ಅವನ ಹೆಗಲಿಗೆ ಟವೆಲ್ ಹೊದಿಸಿದ.

ಒಂದು ಕಿವಿಯ ಸುತ್ತ ಕತ್ತರಿಸಿ ಮುಗಿಯಿತು. ಕೊನೆಗೆ ಗರಿಬಾಲ್ದಿಯೇ ಕೇಳಿದ. “ನೀವು ಹೇಳಿ, ಡೋನ್ ಎವಾರಿಸ್ತೊ. ನಾನು ಲಾಯಕ್ಕಾ?”

ಎವಾರಿಸ್ತೊ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಕತ್ತರಿ ಗಾಳಿಯಲ್ಲೇ ನಿಂತಿತ್ತು.

“ನೂರಕ್ಕೆ ಎಪ್ಪತ್ತರಷ್ಟು.”

ಗರಿಬಾಲ್ದಿಯ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದು ನಾನು ಹೆದರಿದೆ. ನಗುತ್ತಿದ್ದ. ಎವಾರಿಸ್ತೊ, “ಅಲ್ಲಾಡ್ಬೇಡ, ಕಿವಿ ಹೋಗತ್ತೆ” ಎಂದು ಗದರಿದ.

ಇದನ್ನು ಕೇಳಿ ನೆರೆಯ್ದಾ ಹಣೆ ಚಚ್ಚಿಕೊಂಡಳು. “ಇನ್ನೈದು ಸೇರ್ಸಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಅವನು ನನ್ಹತ್ರ ಸುಳ್ಳು ಹೇಳಿರ್ಲಿಲ್ಲವಲ್ಲ” ಎಂದು ಅವನು ಕೈ ತೊಳೆಯಲು ಹೋದ.

ಈಗ ಗರಿಬಾಲ್ದಿ ಹೆಚ್ಚುಕಮ್ಮಿ ದಿನಾ ಬರುತ್ತಾನೆ. ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಬಾದಾಮಿ ಮರದಡಿ ಇಬ್ಬಿಬ್ಬರು ಜೋಡಿಯಾಗಿ ಡಾಮಿನೊ ಬಿಲ್ಲೆಗಳ ಆಟ ಹಾಕುತ್ತಾರೆ. ಆ ಆಟ ಅವನಿಗೆ ಒಂದಿಷ್ಟೂ ಬರುವುದಿಲ್ಲ, ಸೋತರೆ ತಪ್ಪೆಲ್ಲ ಜೊತೆಗಾರನದೇ. ತಿರ್ಸೊ ಅವನಿಗೆ ಜೋಡಿಯಾಗಲು ಒಪ್ಪುವುದಿಲ್ಲ. ಎವಾರಿಸ್ತೊ ಗೊಣಗುತ್ತಲೇ ಕುರ್ಚಿ ಎಳೆದುಕೊಂಡು ಅವನೆದುರು, ಜೋಡಿಯ ಜಾಗದಲ್ಲಿ, ಕೂರುತ್ತಾನೆ.