ಹೊಂಗೆ ಎಣ್ಣೆ ಹಚ್ಚಿದ ಚೆಂಡು

ನಮ್ಮ ಚನ್ನಗಿರಿಯ ಫುಟ್‌ಬಾಲ್ ತಂಡ ಸೋಲುವುದನ್ನು ನನ್ನಷ್ಟು ಸಲ ನೋಡಿದವರು ಇನ್ನೊಬ್ಬರು ಇರಲಾರರು. ಹೊನ್ನಾಳಿಯಲ್ಲಿ ಹೊಳೆದಂಡೆಯ ಬಯಲಿನಲ್ಲಿ ಸೋತದ್ದನ್ನು ನೋಡಿದ್ದೇನೆ. ನ್ಯಾಮತಿಯ ಕಲ್ಲುನೆಲದಲ್ಲಿ ಮೊಣಕಾಲು ತರಚಿಕೊಂಡು ಸೋತದ್ದನ್ನು ನೋಡಿದ್ದೇನೆ. ನಮ್ಮದೇ ಊರಿನಲ್ಲಿ, ನಮ್ಮದೇ ಜನರ ಎದುರು, ಸಂತೇಬೆನ್ನೂರಿನಿಂದ ಸುಮ್ಮನೆ ಆಡಿ ಹೋಗೋಣವೆಂದು ಬಂದವರ ಕೈಲಿ ಸೋತದ್ದನ್ನೂ ನೋಡಿದ್ದೇನೆ. ಹೋಗುವಾಗ ಪ್ರತಿ ಸಲವೂ ಈ ಸಲ ಗೆದ್ದೇ ಗೆಲ್ಲುತ್ತೇವೆ ಅಂದುಕೊಂಡೇ ಸೈಕಲ್ ತುಳಿಯುತ್ತಿದ್ದೆ. ಬರುವಾಗ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಬೈಯುತ್ತ ಬರುತ್ತಿದ್ದೆ.

ಆಗ ನನಗೆ ಮೋಟಾರುಗಳು ನಿಲ್ಲುವ ಜಾಗದ ಎದುರಿಗೆ ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಊರಿನಲ್ಲಿ ಸರಿಯಾದ ಗಾಳಿ ಪಂಪು ಇದ್ದದ್ದು ನನ್ನಲ್ಲೇ. ಹಾಗಾಗಿ ತಂಡದ ಚೆಂಡಿಗೆ ಗಾಳಿ ತುಂಬುವುದು, ಒಳಗಿನ ರಬ್ಬರ್ ಬ್ಲ್ಯಾಡರ್ ತೂತಾದರೆ ತೇಪೆ ಹಾಕುವುದು, ಮೇಲಿನ ಚರ್ಮದ ಬಾಯಿಗೆ ದಾರ ಬಿಗಿಯುವುದು, ಎಲ್ಲ ನನ್ನ ಪಾಲಿಗೆ ಬಂದಿತ್ತು. ಯಾರೂ ನೇಮಿಸಿರಲಿಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಅಂಗಡಿಯ ಮುಂದೆ ಒಂದು ಕಲ್ಲುಚಪ್ಪಡಿ ಇತ್ತು. ಆಟ ಮುಗಿದ ಸಂಜೆ ಅದರ ಮೇಲೆ ಐದಾರು ಜನ ಕೂತು ತೀರ್ಪು ಕೊಡುವುದು ರೂಢಿಯಾಗಿ, ಕ್ರಮೇಣ ತೀರ್ಪು ಕೊಡುವವನು ನಾನೊಬ್ಬನೇ ಆಗಿ, ಉಳಿದವರು ತಲೆಯಾಡಿಸುವವರಾದರು.

ನಮ್ಮದು ಸಂಬಳದ ತಂಡ. ಅಡಿಕೆ ಮಂಡಿಯ ಹಿರಿಯ ಸಾಹುಕಾರರೊಬ್ಬರಿಗೆ ಆಟದ ಹುಚ್ಚು. ಹೊರಗಿನಿಂದ ನಾಲ್ಕು ಜನ ಆಟಗಾರರನ್ನು ಕರೆಸಿ, ಬೆಳಿಗ್ಗೆ ಮಂಡಿಯಲ್ಲಿ ಮೂಟೆ ತೂಗುವ ಕೆಲಸ ಕೊಟ್ಟು, ಸಂಜೆ ಮೈದಾನಕ್ಕೆ ಬಿಡುತ್ತಿದ್ದರು. ಉಳಿದ ಏಳು ಜನ ಊರಿನವರು, ಅವರು ಸುಮ್ಮನೆ ಆಡುವವರು. ಊರಿನವನು ತಪ್ಪಿದರೆ ಪಾಪ ಅನ್ನುತ್ತಿದ್ದೆವು. ಸಂಬಳದವನು ತಪ್ಪಿದರೆ ಬಿಡುತ್ತಿರಲಿಲ್ಲ. ಅನ್ನ ತಿನ್ನುವುದಿಲ್ಲವೇ, ಕಾಲಿಗೇನು ಬೇನೆ ಎಂದು ಕೂಗುತ್ತಿದ್ದವರಲ್ಲಿ ನಾನೇ ಮೊದಲಿಗ. ಆಡಲು ನನಗೆ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ದಿನವೂ ಚೆಂಡನ್ನು ನೆಟ್ಟಗೆ ಒದ್ದವನಲ್ಲ.

ಆ ನಾಲ್ವರಲ್ಲಿ ಗೋಲಿ, ಅಂದರೆ ಗೋಲು ಕಾಯುವವನು, ಜಗಳೂರಿನವನು. ಎತ್ತರದ ಆಳು, ಮಾತು ಕಡಿಮೆ, ಅಂಗೈಗಳು ಮೊರದಷ್ಟು ಅಗಲ. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನೂ ಕರೆತಂದು ಮಂಡಿಯ ಹಿಂದೆ ಒಂದು ಕೋಣೆಯಲ್ಲಿ ಇದ್ದ. ಆಟದ ದಿನ ಬೆಳಿಗ್ಗೆ ಅಂಗಡಿಗೆ ಬಂದು ಚೆಂಡನ್ನು ಎರಡು ಕೈಯಲ್ಲೂ ಹಿಡಿದು, ಒತ್ತಿ, ತಿರುಗಿಸಿ ನೋಡಿ ಹೋಗುವುದು ಅವನ ಪದ್ಧತಿ. ನನ್ನ ಭಾಷಣಗಳನ್ನು ನಗುತ್ತ ಕೇಳುತ್ತಿದ್ದವನು ಅವನೊಬ್ಬನೇ.

“ಅಣ್ಣಾರೆ, ಹನ್ನೊಂದು ಮಂದಿ ಆಟಾನೂ ನೀವೊಬ್ರೇ ಆಡಿಬಿಡ್ತೀರಿ ಬಿಡ್ರಿ. ನಮಗೇನ್ ಕೆಲ್ಸ ಐತೆ ಇಲ್ಲಿ?” ಅನ್ನುತ್ತಿದ್ದ.

ಅವನು ಬಂದ ಮೇಲೂ ನಾವು ಸೋಲುತ್ತಲೇ ಇದ್ದೆವು, ಆದರೆ ಮೊದಲಿನಷ್ಟು ಹೀನಾಯವಾಗಿ ಅಲ್ಲ. ನಾಲ್ಕು ಗೋಲಿನಲ್ಲಿ ಸೋಲುವವರು ಒಂದರಲ್ಲಿ ಸೋಲುವಂತಾದೆವು. ಅದು ಅವನ ಕೈಯ ಪುಣ್ಯ ಎಂದು ನನಗೆ ಆಗಲೂ ಗೊತ್ತಿತ್ತು.

ನಮ್ಮ ಕಡೆ ಆಗ ಒಂದು ಕಟ್ಟಳೆ ಇತ್ತು. ಆಟದ ಮೊದಲರ್ಧ ಆಡಿಸುವ ಊರಿನವರ ಚೆಂಡಿನಲ್ಲಿ, ಎರಡನೆಯ ಅರ್ಧ ಬಂದವರ ಚೆಂಡಿನಲ್ಲಿ. ಚೆಂಡಿನ ವಿಷಯಕ್ಕೆ ಹಿಂದೆ ಹೊಡೆದಾಟಗಳಾಗಿ ಹಿರಿಯರು ಮಾಡಿದ ಏರ್ಪಾಡಂತೆ. ಹಾಗಾಗಿ ಪ್ರತಿ ಊರಿಗೂ ತನ್ನ ಚೆಂಡೆಂದರೆ ಒಂದು ಮರ್ಯಾದೆ. ನಮ್ಮ ಚೆಂಡಿನ ಮರ್ಯಾದೆ ನನ್ನ ಕೈಲಿತ್ತು.

ಯುದ್ಧ ಶುರುವಾದ ಮೇಲೆ ಹೊಸ ಚೆಂಡು ಸಿಗುವುದು ನಿಂತಿತು. ರಬ್ಬರಂತೂ ಕಣ್ಣಿಗೆ ಕಾಣದಾಯಿತು. ಇದ್ದ ಒಂದೇ ಚೆಂಡಿನ ಬ್ಲ್ಯಾಡರಿಗೆ ತೇಪೆಯ ಮೇಲೆ ತೇಪೆ. ಮೇಲಿನ ಚರ್ಮ ಒಣಗಿ ಹಪ್ಪಳದ ಹಾಗೆ ಆಗುತ್ತಿತ್ತು. ನಮ್ಮಪ್ಪ ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲಕ್ಕೆ ಹೊಂಗೆ ಎಣ್ಣೆ ಉಣಿಸುವುದನ್ನು ನೋಡಿ ಬೆಳೆದವನು ನಾನು. ಅದನ್ನೇ ಚೆಂಡಿಗೂ ಮಾಡುತ್ತಿದ್ದೆ. ಆದರೆ ಅದಕ್ಕೆ ಹದವಿದೆ. ಆಟಕ್ಕೆ ಎಂಟು ದಿನ ಇರುವಾಗಲೇ ಎಣ್ಣೆ ಹಚ್ಚಿ, ನೆರಳಿನಲ್ಲಿ ತೂಗುಹಾಕಿ, ದಿನಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಬೇಕು. ಚರ್ಮ ಎಣ್ಣೆ ಕುಡಿದು ಮೇಲೆ ಒಣಗಿದ ಮೇಲೆಯೇ ಆಟಕ್ಕೆ ತೆಗೆಯಬೇಕು.

ಆ ವರ್ಷ ಹೊನ್ನಾಳಿಯವರು ನಮ್ಮಲ್ಲಿಗೆ ಆಡಲು ಬರುವವರಿದ್ದರು. ಸಾಹುಕಾರರು ಬೇಸತ್ತಿದ್ದರು. “ಈ ಸಲಾನೂ ಸೋತ್ರೆ ಸಂಬಳದವರಾಗೆ ಒಬ್ಬನ್ನಾದ್ರೂ ತೆಗೀತೀನಿ” ಎಂದು ಮಂಡಿಯಲ್ಲಿ ಹೇಳಿದ್ದು ಊರೆಲ್ಲ ಹಬ್ಬಿತ್ತು. ನನಗೆ ಬೇಕಾದದ್ದೂ ಅದೇ. ವಾರವಿಡೀ ಚಪ್ಪಡಿಯ ಮೇಲೆ ಕೂತು ಯಾರನ್ನು ತೆಗೆಯಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಮಾತಾಡಿದ್ದೇ ಮಾತಾಡಿದ್ದು. ಬಾಡಿಗೆಗೆ ಹೋದ ಸೈಕಲ್ಲು ವಾಪಸು ಬಂತೋ ಇಲ್ಲವೋ ಎಂಬ ಪರಿವೆಯೂ ಇರಲಿಲ್ಲ. ಚೆಂಡು ನೆನಪಾದದ್ದು ಆಟದ ಹಿಂದಿನ ದಿನ ಸಂಜೆ. ತೆಗೆದು ನೋಡಿದರೆ ಹೊಲಿಗೆಯ ಬಳಿ ಬಿರುಕು ಬಿಡುವಂತಿತ್ತು. ಗಾಬರಿಯಿಂದ ಕೈಗೆ ಬಂದಷ್ಟು ಎಣ್ಣೆ ಬಳಿದೆ. ಬೆಳಿಗ್ಗೆ ಒರೆಸಿದೆ, ಮತ್ತೆ ಒರೆಸಿದೆ. ಮುಟ್ಟಿದರೆ ಇನ್ನೂ ಜಿಡ್ಡು. ಮೈದಾನದ ಧೂಳು ಬಿದ್ದರೆ ಸರಿಹೋಗುತ್ತದೆ ಅಂದುಕೊಂಡೆ. ಆ ಬೆಳಿಗ್ಗೆ ಗೋಲಿ ಬಂದಾಗ ಚೆಂಡನ್ನು ಆಗಲೇ ಮೈದಾನಕ್ಕೆ ಕಳಿಸಿದ್ದೇನೆಂದು ಹೇಳಿ ಸಾಗಹಾಕಿದೆ. ಅದು ಅಂಗಡಿಯಲ್ಲೇ, ಗಿರಾಕಿಯ ಸೈಕಲ್ಲಿನ ಹಿಂದೆ ಗೋಣಿಯೊಳಗೆ ಇತ್ತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಹೊನ್ನಾಳಿಯವನೊಬ್ಬ ದೂರದಿಂದ ಒದ್ದ ಚೆಂಡು ನೇರ ನಮ್ಮ ಗೋಲಿಯ ಎದೆಗೇ ಬಂತು. ಅಪ್ಪಿ ಹಿಡಿದ. ಹಿಡಿದದ್ದು ತೋಳಿನ ನಡುವಿನಿಂದ ಜಾರಿ, ಹೊಟ್ಟೆಯ ಮೇಲೆ ಇಳಿದು, ಕಾಲ ಸಂದಿಯಲ್ಲಿ ನುಸುಳಿ ಗೆರೆ ದಾಟಿತು. ಜನ ಗೊಳ್ಳೆಂದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ.

“ಲೇ, ಕೈಗೆ ಬೆಣ್ಣೆ ಹಚ್ಕೊಂಡು ಬಂದಿಯೇನಲೇ?”

ಕೂಗಿದ ಮೇಲೆ ನೋಡಿದೆ. ಅವನು ಬಗ್ಗಿ ಅಂಗೈಗಳನ್ನು ಮಣ್ಣಿಗೆ ಉಜ್ಜುತ್ತಿದ್ದ. ಎರಡನೆಯ ಗೋಲೂ ಹಾಗೆಯೇ ಆಯಿತು, ಹಿಡಿದ ಚೆಂಡು ಕೈಯಿಂದ ಜಾರಿ. ಹೊನ್ನಾಳಿಯ ಗೋಲಿಗೆ ಏನೂ ಆಗಲಿಲ್ಲವೇ ಎಂದರೆ, ನಮ್ಮ ಫಾರ್ವರ್ಡುಗಳು ಅವನ ಹತ್ತಿರಕ್ಕೆ ಚೆಂಡು ಒಯ್ದರೆ ತಾನೆ? ಒಯ್ದ ಒಂದು ಸಲ ಅವನು ಕಾಲಿನಿಂದಲೇ ಒದ್ದು ಕಳಿಸಿದ.

ಅರ್ಧ ಮುಗಿದ ಮೇಲೆ ನಮ್ಮ ಚೆಂಡು ನನ್ನ ಕೈಗೆ ಬಂತು. ಹಿಡಿದೆ, ಅಂಗೈಗೆ ಎಣ್ಣೆ ಅಂಟಿತು. ಪಂಚೆಗೆ ಒರೆಸಿಕೊಂಡೆ. ಎರಡನೆಯ ಅರ್ಧದಲ್ಲಿ, ಹೊನ್ನಾಳಿಯವರ ಚೆಂಡಿನಲ್ಲಿ, ಅವನು ಒಂದನ್ನೂ ಬಿಡಲಿಲ್ಲ. ಮೇಲಿನದು, ಕೆಳಗಿನದು, ಮೂಲೆಗೆ ಹೊಡೆದದ್ದು, ಎಲ್ಲವೂ ಅವನ ಕೈಗೆ ಬಂದು ಅಲ್ಲೇ ನಿಂತವು. ನಾವೂ ಒಂದು ಗೋಲು ಹೊಡೆದೆವು. ಆದರೆ ಸೋತೆವು. ಎರಡು ಗೋಲು ಬಿಟ್ಟ ಮೇಲೆ ಕೈಗೆ ಕಳೆ ಬಂತು ನೋಡಿ ಮಗನಿಗೆ ಎಂದು ಜನ ಬೈದರು. ಎರಡು ಅರ್ಧಕ್ಕೆ ಎರಡು ಚೆಂಡು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದರೂ ತಪ್ಪು ಚೆಂಡಿನದೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ನನಗೊಬ್ಬನಿಗೆ.

ಸಂಜೆ, ಚಪ್ಪಡಿಗೆ ಜನ ಸೇರುವ ಮೊದಲೇ ಅವನು ಒಬ್ಬನೇ ಬಂದ. ಅಂಗೈಗಳನ್ನು ಮುಂದೆ ಚಾಚಿಕೊಂಡೇ ಬಂದ.

“ಅಣ್ಣಾರೆ, ಚೆಂಡಿಗೆ ಎಣ್ಣೆ ಯಾವಾಗ ಹಚ್ಚಿದ್ರಿ?”

ಆಗ ನಿಜ ಹೇಳಿದ್ದರೆ ಆಗುತ್ತಿದ್ದದ್ದು ಇಷ್ಟೇ. ನನ್ನನ್ನು ನಾಲ್ಕು ದಿನ ಬೈಯುತ್ತಿದ್ದರು, ಚಪ್ಪಡಿಯ ಮೇಲೆ ನನ್ನ ಮಾತು ನಡೆಯುತ್ತಿರಲಿಲ್ಲ. ಆ ಚಪ್ಪಡಿಯ ಗೌರವವೇ ನನಗೆ ದೊಡ್ಡದಾಯಿತು.

“ಒಂದು ವಾರದ ಮ್ಯಾಲಾತು. ಯಾವಾಗ್ಲೂ ಹಚ್ಚೋ ಹಂಗೇ” ಅಂದೆ.

ಅವನು ತನ್ನ ಕೈಗಳನ್ನು ನೋಡಿಕೊಂಡ. ಅನುಮಾನ ಪಡಲಿಲ್ಲ. ಜಗಳ ತೆಗೆದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೇನೋ.

“ಹಂಗಾದ್ರೆ ನನ್ನ ಕೈಯೇ ಹೋದ್ವು ಬಿಡ್ರಿ” ಎಂದು ಹೇಳಿ ಹೊರಟ.

ಅವನು ಹೋದ ಸ್ವಲ್ಪ ಹೊತ್ತಿಗೆ ಸಾಹುಕಾರರು ಬಂದರು. ಅವರು ಚಪ್ಪಡಿಯ ಮೇಲೆ ಕೂರುವುದೇ ಅಪರೂಪ. ಅಂದು ಕೂತು ಎಲ್ಲರ ಎದುರು ನನ್ನನ್ನೇ ಕೇಳಿದರು.

“ಇಷ್ಟು ವರ್ಷದಿಂದ ನೋಡಾಕತ್ತೀಯಪ್ಪ. ನೀನೇ ಹೇಳು, ಯಾರನ್ನ ತೆಗೆಯಾದು?”

ನನ್ನ ಬಾಯಿಂದ ಬಂದದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ. “ಗೋಲೀನ ತೆಗೀರಿ, ಯಜಮಾನ್ರೆ. ಕೈ ಬಿಗಿ ಹೋಗೈತೆ ಅವನ್ದು.” ಬೇರೆ ಯಾರ ಹೆಸರನ್ನಾದರೂ ಹೇಳಬಹುದಿತ್ತು. ಆದರೆ ಅವನು ಊರಿನಲ್ಲಿದ್ದರೆ ದಿನವೂ ನನ್ನ ಅಂಗಡಿಯ ಮುಂದೆ ಹಾಯಬೇಕಿತ್ತು. ಹೀಗೆ ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಯೋಚಿಸಿದ್ದು ಹೀಗೆಯೇ.

ಮೂರನೆಯ ದಿನ ಬೆಳಿಗ್ಗೆ ಗಂಡಹೆಂಡತಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ಅಂಗಡಿಯ ಎದುರೇ ಮೋಟಾರಿಗೆ ಕಾದು ನಿಂತರು. ಆಕೆ ಬಸುರಿ ಎಂಬುದು ನನಗೆ ಅಂದೇ ತಿಳಿದದ್ದು. ನಾನು ಒಳಗೆ ಬಗ್ಗಿ ಒಂದು ಚಕ್ರದ ಕಡ್ಡಿಗಳನ್ನು ಬಿಗಿಯುತ್ತಿದ್ದೆ. ಬಿಗಿಯುವ ಅಗತ್ಯವಿರಲಿಲ್ಲ. “ಬರ್ತೀವ್ರೀ ಅಣ್ಣಾರೆ” ಎಂದು ಅವನು ಹೊರಗಿನಿಂದಲೇ ಕೂಗಿದ. ಕೇಳಿಸದವನಂತೆ ಇದ್ದುಬಿಟ್ಟೆ.

ಅವನ ಜಾಗಕ್ಕೆ ಬಂದವನಿಗೆ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ನ್ಯಾಮತಿಯವರು ನಮಗೆ ಐದು ಗೋಲು ಹೊಡೆದರು. ನಾನು ಚಪ್ಪಡಿಯ ಮೇಲೆ ಕೂರುತ್ತಿದ್ದೆ, ಮಾತು ಮಾತ್ರ ಮೊದಲಿನಂತೆ ಹೊರಡುತ್ತಿರಲಿಲ್ಲ. ಹೊಂಗೆ ಎಣ್ಣೆಯ ಡಬ್ಬಿ ತೆರೆದಾಗಲೆಲ್ಲ ಆ ಚಾಚಿದ ಕೈಗಳು ಕಣ್ಣಿಗೆ ಬರುತ್ತಿದ್ದವು. ಎರಡು ವರ್ಷ ಹೀಗೆ ಕಳೆದು, ಒಂದು ದಿನ ಅಂಗಡಿಗೆ ಬೀಗ ಹಾಕಿ ಜಗಳೂರಿಗೆ ಹೊರಟೆ. ಆಗಿನ ಮೋಟಾರುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ದಿಬ್ಬ ಬಂದರೆ ಇಳಿದು ತಳ್ಳಬೇಕು. ತಳ್ಳುತ್ತ ತಳ್ಳುತ್ತ ಏನು ಹೇಳಬೇಕೆಂದು ಕಲಿತುಕೊಂಡೆ.

ಅವನು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ನನ್ನನ್ನು ಕಂಡವನೇ ಎದ್ದು, ಕಂಬಳಿ ಹಾಸಿ, ಮಜ್ಜಿಗೆ ತರಿಸಿದ. ನಮ್ಮ ತಂಡ ಹೇಗಿದೆ ಎಂದು ಅವನೇ ಮೊದಲು ಕೇಳಿದ. ನೀನು ಇಲ್ಲಿ ಆಡುತ್ತಿಲ್ಲವೇ ಎಂದೆ.

“ಕರೆಯಾಕೆ ಬಂದಿದ್ರು ರೀ. ನಾನೇ ಹೋಗಲಿಲ್ಲ. ಕೈ ಹೋದ್ಮ್ಯಾಲೆ ಏನ್ ಆಡಾದು?”

ಕಲಿತುಕೊಂಡು ಹೋದ ಮಾತೆಲ್ಲ ಮರೆತು ಒಂದೇ ಉಸಿರಿಗೆ ಹೇಳಿದೆ. “ನಿನ್ನ ಕೈ ಹೋಗಿರ್ಲಿಲ್ಲಪ್ಪ. ಎಣ್ಣೆ ಹಚ್ಚಿದ್ದು ಹಿಂದಿನ ದಿನ. ನಾನು ಸುಳ್ಳು ಹೇಳಿದೆ.”

ಅವನು ಅಂದಿನಂತೆಯೇ ಅಂಗೈಗಳನ್ನು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಬೈಯುತ್ತಾನೆಂದು ಕಾದೆ. ಅವನು ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಆಕೆ ಬಂದು ಬಾಗಿಲಲ್ಲಿ ನಿಂತಳು.

“ಅಣ್ಣಾರೆ, ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ರಿ. ಇವಳೂ ಕೇಳ್ಲಿ.”

ಮತ್ತೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಆಕೆ ನನ್ನ ಮುಖ ನೋಡಲಿಲ್ಲ, ಗಂಡನನ್ನೇ ನೋಡುತ್ತ ಹೇಳಿದಳು. “ಕೂಸನ್ನ ಎತ್ಕೊಳ್ಳಾಕೂ ಅಂಜ್ತಾರೆ ರೀ ಇವ್ರು. ಕೈ ಜಾರೀತು ಅಂತ.”

ನಾನು ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲೂ ಇಲ್ಲ, ಏಳು ಎನ್ನಲೂ ಇಲ್ಲ. ಹೊರಡುವಾಗ ಊರ ಬಾಗಿಲವರೆಗೆ ಬಂದು ಒಂದೇ ಒಂದು ಮಾತು ಕೇಳಿದ.

“ಅಲ್ಲೂ ಹೇಳ್ರಿ ಅಣ್ಣಾರೆ. ಆ ಚಪ್ಪಡಿ ಮ್ಯಾಲೆ, ಎಲ್ರು ಮುಂದೆ.”

ಹೇಳುತ್ತೇನೆಂದು ಮಾತು ಕೊಟ್ಟೆ. ಆದರೆ ಹೇಳಬೇಕೆಂದು ಹೊರಟ ದಿನವೆಲ್ಲ ನಾಳೆಗೆ ಹೋಯಿತು. ಅಷ್ಟರಲ್ಲಿ ಚೆಂಡು ತೇಪೆಗೂ ನಿಲ್ಲದೆ ಒಡೆಯಿತು, ಸಂಬಳದವರು ಒಬ್ಬೊಬ್ಬರಾಗಿ ಹೋದರು, ತಂಡವೇ ಇಲ್ಲವಾಯಿತು. ಚಪ್ಪಡಿಯ ಮೇಲೆ ಈಗ ಸೀಮೆಎಣ್ಣೆ, ಸಕ್ಕರೆ ಚೀಟಿ, ಸ್ವರಾಜ್ಯದ ಮಾತು. ಯುದ್ಧ ಮುಗಿದ ವರ್ಷ, ಒಂದು ಸಂಜೆ ಸಾಹುಕಾರರು ಬಂದು ಕೂತಿದ್ದಾಗ, ಏಳೆಂಟು ಜನರಿದ್ದಾಗ, ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಎಣ್ಣೆ, ಚೆಂಡು, ಸುಳ್ಳು, ಏನನ್ನೂ ಬಿಡಲಿಲ್ಲ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನಾಳಿಯವರೊಡನೆ ಆಡಿದ ಆ ಆಟ ಯಾರಿಗೂ ನೆನಪಿರಲಿಲ್ಲ. ನಾವು ಸೋತ ಆಟಗಳು ಒಂದೇ ಎರಡೇ?

“ಯಾವ ಗೋಲಿ?” ಎಂದು ಒಬ್ಬ ಕೇಳಿದ.

ಸಾಹುಕಾರರು ಹಣೆ ಉಜ್ಜಿಕೊಂಡು ಯೋಚಿಸಿದರು. ಆಮೇಲೆ ನೆನಪಾಯಿತು ಅವರಿಗೆ.

“ಓ, ಅವನಾ? ಕೈ ಬಿಗಿ ಇಲ್ಲ ಅಂತ ನೀನು ತೆಗೆಸಿದ್ಯಲ್ಲಪ್ಪ, ಆ ಜಗಳೂರಿನವನು.”