ಹದಿನೇಳನೇ ಸೆಟ್ಟಿನ ಉಸಿರು

ಇವತ್ತಿನ ಮಂಜು ನೀರಿನಿಂದೆದ್ದು ಹಡಗುಕಟ್ಟೆಯನ್ನೇ ನುಂಗಿದೆ. ಕ್ರೇನುಗಳ ಕಾಲು ಕಾಣುತ್ತದೆ, ತಲೆ ಕಾಣುವುದಿಲ್ಲ. ಬೆಳಗಿನ ಐದೂವರೆ. ಉಗ್ರಾಣದ ಮೇಲಿನ ಕಿರುಕೋಣೆಯಲ್ಲಿ ಎಲ್ಲರ 'ರೇಡಿಯೊ ಅಕ್ಕ' ಕಂಪ್ಯೂಟರ್ ಪರದೆಗೆ ಕೈಮುಗಿದು ಹೆಡ್‌ಫೋನ್ ಏರಿಸುತ್ತಾರೆ. ಇಂಥ ದಿನ ಕಟ್ಟೆಗೆ ಕಣ್ಣಿಲ್ಲ, ಕಿವಿಯೇ ದಿಕ್ಕು.

ಕೆಳಗೆ ನೂರಹನ್ನೆರಡು ವಾಕಿಟಾಕಿಗಳಿವೆ. ಚಾನೆಲ್ ನಾಲ್ಕೇ ನಾಲ್ಕು. ಜಡೆ ಹೆಣೆಯುವ ಬೆರಳಿನಂತೆ ಅಕ್ಕನ ಕೋಣೆಯ ಯಂತ್ರ ಒಂದೊಂದು ಚಾನೆಲಿನ ಗಳಿಗೆಯನ್ನು ಸೀಳಿ ಎರಡೆರಡು ಮಾತು ಹೆಣೆಯುತ್ತದೆ. ಆ ಎಂಟು ಎಳೆಗಳಲ್ಲಿ ಒಂದು ಯಂತ್ರದ ಸ್ವಂತ ಕಾರುಬಾರಿಗೆ. ಉಳಿದ ಏಳು ಯಾರಪ್ಪನ ಆಸ್ತಿಯೂ ಅಲ್ಲ. ಗುಂಡಿ ಒತ್ತಿದವರಿಗೆ ಖಾಲಿ ಇರುವ ಎಳೆ ಸಿಗುತ್ತದೆ. ಅವರ ಮಾತು ಮುಗಿದರೆ ಅದು ಇನ್ನೊಬ್ಬರದು. ಏಳೂ ತುಂಬಿದ್ದರೆ ಕೈಯಲ್ಲಿನ ಸೆಟ್ಟು 'ಟೂಂ' ಎನ್ನುತ್ತದೆ, ಕಾಯಬೇಕು. ದಿನಕ್ಕೆ ಮೂರು ಸಾವಿರ ಮಾತು, ಅಕ್ಕನದು ಹತ್ತೊಂಬತ್ತು ವರ್ಷದ ಕಾವಲು.

"ಬಾವಿ ಹಗ್ಗ ಇದ್ದಂಗೆ. ಸೇದಿದ ಮೇಲೆ ಬಿಡ್ಬೇಕು. ಹಿಡ್ಕೊಂಡೇ ನಿಂತ್ರೆ ಹಿಂದಿನೋರ ಕೊಡದ ಗತಿಯೇನು?" ಎನ್ನುತ್ತಾರೆ ಅಕ್ಕ.

ಒಂದು ವಾರದಿಂದ ಯಾರೋ ಹಿಡಿದುಕೊಂಡೇ ನಿಂತಿದ್ದಾರೆ. ಸರಕು ಇಳಿಸುವ ತಂಡದ ಹೆಸರಿನಲ್ಲಿ ಹಿಡಿದ ಎಳೆಯಲ್ಲಿ ಮಾತಿಲ್ಲ, ಬರೀ ಉಸಿರು. ಬೆಳಗಿನ ಗದ್ದಲದಲ್ಲಿ ಒಂದು ಎಳೆ ಹೋದರೂ ಉಳಿದವರಿಗೆ 'ಟೂಂ'. ಆ ತಂಡದಲ್ಲಿ ಕ್ರೇನಿಗೆ ದಾರಿ ಹೇಳುವವರು ಅಕ್ಕನ ಯಜಮಾನರು. ಹಗ್ಗ ಕಟ್ಟುವ ತಂಡದವರಿಗೆ ಅಷ್ಟೇ ಸಾಕಾಯಿತು.

"ಬಡಿಸೋಳು ಮನೆಯೋಳು, ಭಾವಂಗೇ ಮೊದಲ ತುತ್ತು!" ಎಂದು ಮೆಟ್ಟಿಲ ಬುಡದಲ್ಲಿ ನಿಂತೇ ಆಡಿಕೊಂಡರು. ಬಂದರಿನ ಸಾಹೇಬರಿಗೆ ದೂರು ಹೋಯಿತು. ಇವತ್ತು ಹತ್ತಕ್ಕೆ ವಿಚಾರಣೆ. ಪಕ್ಷಪಾತವೆಂದಾದರೆ ಈ ಕುರ್ಚಿ ಹೋಗುತ್ತದೆ.

ಉಸಿರಾಡುವ ಸೆಟ್ಟಿನ ಸಂಖ್ಯೆ ಪರದೆಯಲ್ಲಿದೆ: ಹದಿನೇಳು. ಎರಡು ವರ್ಷದ ಹಿಂದೆ ಅಕ್ಕನ ಚಾರ್ಜಿಂಗ್ ಕಪಾಟಿನಿಂದಲೇ ಮಾಯವಾದದ್ದು ಅದು. ಅದಕ್ಕೆ ಬಂದ ಎಚ್ಚರಿಕೆ ಪತ್ರ ಇನ್ನೂ ಡ್ರಾಯರಿನಲ್ಲಿದೆ. "ನೀರಿಗೆ ಬಿದ್ದಿರುತ್ತೆ, ಬಿಡೇ" ಎಂದು ಅಂದು ಸಮಾಧಾನ ಹೇಳಿದವರು ಯಜಮಾನರೇ. ಆ ಮಾತು ಈಗ ಮುಳ್ಳಾಗಿದೆ.

"ನೀರಿಗೆ ಬಿದ್ದ ಸೆಟ್ಟು ಉಸಿರಾಡಲ್ಲ. ಅದರ ಬಾಯಿ ಮುಚ್ಚಿಸೋದು ನಂಗೆ ಒಂದು ಗುಂಡಿ ಕೆಲ್ಸ. ಆದ್ರೆ ಕಳ್ಳ ಯಾರೂಂತ ಗೊತ್ತಾಗ್ಬೇಕಲ್ಲ? ಸಾಹೇಬರಿಗೆ ಹೇಳಿದ್ರೆ ಮೊದ್ಲು ನಮ್ಮನೆಯವರ ಮೇಲೇ ಬೆರಳು," ಎಂದು ಅಕ್ಕ ತಮಗೆ ತಾವೇ ಗೊಣಗುತ್ತಾರೆ.

ಮೊನ್ನೆ ಅಕ್ಕ ಆ ಸೆಟ್ಟಿಗಾಗಿ ಯಜಮಾನರ ಚೀಲಕ್ಕೆ ಕೈ ಹಾಕಿ ಸಿಕ್ಕಿಬಿದ್ದರು.

"ಮೂವತ್ತು ವರ್ಷ ಸಂಸಾರ ಮಾಡಿ ಈಗ ಜೇಬು ತಡಕ್ತೀಯೇನೇ?"

"ಜೇಬಲ್ಲ, ಚೀಲ."

ಅವರು ನಗಲಿಲ್ಲ.

ಆರೂ ನಲವತ್ತು. ಮಂಜಿನಲ್ಲೊಂದು ಹೊರೆ ತೂಗುತ್ತಿದೆ. ಹಗ್ಗದವರು ಕ್ರೇನಿಗೆ 'ನಿಲ್ಲಿಸು' ಎನ್ನಬೇಕು, ಒತ್ತಿದರೆ 'ಟೂಂ'. ಅವರ ಬರಿಗಂಟಲ ಕೂಗು ಅಕ್ಕನ ಕಿಟಕಿಗೆ ಮುಟ್ಟುತ್ತದೆ, ಕ್ರೇನಿಗಲ್ಲ. ಹದಿನೇಳು ಉಸಿರಾಡುತ್ತಲೇ ಇದೆ. ಅಕ್ಕನ ಬೆರಳು ಅದರ ಬಾಯಿ ಮುಚ್ಚಿಸುವ ಗುಂಡಿಗೆ ಹೋಗುವಷ್ಟರಲ್ಲೇ, ಒಬ್ಬರಿಗೆ ಒಂದೇ ನಿಮಿಷವೆಂಬ ಮಿತಿ ತುಂಬಿ ಯಂತ್ರ ತಾನೇ ಅದನ್ನು ಕತ್ತರಿಸುತ್ತದೆ. ಆ ಕ್ಷಣ, ಅಕ್ಕ ಆ ಒಂದು ಸೆಟ್ಟಿಗೆ ಮಾತ್ರ ಕೇಳುವಂತೆ ಕರೆಯುತ್ತಾರೆ: "ಹದಿನೇಳು, ನೀನ್ಯಾರೋ ನಂಗೊತ್ತಿಲ್ಲ. ಹೊರೆ ಕೆಳಗೆ ಜನ ಇದಾರೆ. ಹಗ್ಗ ಬಿಡಪ್ಪಾ."

ಅಕ್ಕ ಗುಂಡಿ ಬಿಟ್ಟೊಡನೆ ಆ ಎಳೆಯಲ್ಲಿ ಹಗ್ಗದವರ ಕೂಗು: "ನಿಲ್ಸು, ನಿಲ್ಸು!" ಹೊರೆ ನಿಲ್ಲುತ್ತದೆ. ಹದಿನೇಳು ಮತ್ತೆ ಉಸಿರೆತ್ತುವುದಿಲ್ಲ.

ಒಂಬತ್ತೂವರೆಗೆ ಮೆಟ್ಟಿಲು ಕಿರುಗುಟ್ಟುತ್ತದೆ. ಬಂದವರು ಇಳಿಸುವ ತಂಡದ ಮೇಸ್ತ್ರಿ. ಕೋಟಿನೊಳಗಿಂದ ಸೆಟ್ಟು ತೆಗೆದು, ತೋಳಿನಿಂದ ಒರೆಸಿ ಮೇಜಿನ ಮೇಲಿಡುತ್ತಾರೆ.

"ತಗೊಂಡಿದ್ದು ನಾನೇ ತಾಯಿ. ಎರಡು ವರ್ಷ ಹೆದ್ರಿ ಪೆಟ್ಟಿಗೇಲಿಟ್ಟೆ. ಈ ದೊಡ್ಡ ಹಡಗು ಬಂದ್ಮೇಲೆ ಮಾತಿಗೆ ಎಳೆ ಸಿಗ್ತಿರ್ಲಿಲ್ಲ, ನಮ್ಮೋರಿಗೆ ಬೇಕಾದಾಗ ಬಿಟ್ಕೊಡೋಣಾಂತ ಮುಂಚೇನೇ ಇದರ ಗುಂಡಿ ಒತ್ತಿ ಹಿಡಿದಿಟ್ಕೊಂಡೆ. ಸಾಹೇಬರ ಮುಂದೆ ನಾನೇ ಹೇಳ್ತೀನಿ."

ಅಕ್ಕ ಎರಡು ವರ್ಷ ಬರಿದಾಗಿದ್ದ ಹದಿನೇಳನೇ ಗೂಡಿಗೆ ಸೆಟ್ಟನ್ನಿಡುತ್ತಾರೆ. ಕೆಂಪು ದೀಪ ಹತ್ತುತ್ತದೆ. ಮೇಸ್ತ್ರಿ ಇಳಿದುಹೋದ ಮೇಲೆ ಇನ್ನೊಂದು ಸಂಖ್ಯೆ ಒತ್ತುತ್ತಾರೆ, ಯಜಮಾನರ ಕಿವಿಗೆ ಮಾತ್ರ.

"ನಲವತ್ಮೂರು... ಚೀಲ ತಡಕಿದ್ದು ತಪ್ಪಾಯ್ತು ಕಣ್ರೀ."

ಅಷ್ಟೇ. ಕಾಯುವವರಿದ್ದಾರೆಂದು ಗುಂಡಿ ಬಿಡುತ್ತಾರೆ.