ಉಪ್ಪಿಟ್ಟಿನ ರಂಗಿಯ ಹೊಟ್ಟೆಕಿಚ್ಚು

ಮಸಿನಗುಡಿಯಾಚೆಯ ಸರ್ಕಾರಿ ಶಾಲೆ. ಮಂಜು ಇನ್ನೂ ಕರಗಿಲ್ಲ. ಅಡುಗೆಮನೆಯಲ್ಲಿ ರಂಗಿ ಮಕ್ಕಳ ಬೆಳಗಿನ ತಿಂಡಿಗೆ ರವೆ ಹುರಿಯುತ್ತಿದ್ದಾರೆ. ಪಕ್ಕದ ಮಣೆಯ ಮೇಲೆ ಮೂರನೇ ತರಗತಿಯ ಜನನಿ ಈರುಳ್ಳಿ ಬಿಡಿಸುತ್ತಿದ್ದಾಳೆ. ಅಳುವ, ಬೆಚ್ಚುವ, ತರಗತಿಗೆ ಕಾಲಿಡಲು ಒಲ್ಲದ ಮಕ್ಕಳೆಲ್ಲ ಮೊದಲು ಬಂದು ಕೂರುವುದು ಇಲ್ಲೇ. ರಂಗಿ ಏನನ್ನೂ ಕೇಳುವುದಿಲ್ಲ. ಕೈಗೊಂದು ಕೆಲಸ ಕೊಟ್ಟು ಒಲೆಯತ್ತ ತಿರುಗುತ್ತಾರೆ.

"ನನ್ನ ಒಲೆ ಮುಂದೆ ಕೂತ್ರೆ ಯಾವ ಮಗೂನೂ ಸರಿಹೋಯ್ತದೆ ಅಂತ ಜಂಬ ಇತ್ತು ನಂಗೆ" ಎಂದು ನಗುತ್ತಾರೆ.

ಹೋದ ಮಳೆಗಾಲದಲ್ಲಿ ಅಕ್ಕಿಯ ವಾಸನೆ ಹಿಡಿದು ಬಂದ ಆನೆ ಜನನಿಯ ಮನೆಗೋಡೆ ಕೆಡವಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಹುಡುಗಿ ಮಾತು ಬಿಟ್ಟಳು. ಒಲೆಯ ಬಳಿ ಎಂದಾದರೂ ಅದನ್ನು ಹೇಳಲು ಬಾಯಿ ತೆರೆದರೆ ರಂಗಿಯೇ ತಡೆಯುತ್ತಿದ್ದರು. ಕಾಡಂಚಿನ ಇವರ ಹಾಡಿಯಲ್ಲಿ ಆನೆಯ ಹೆಸರೆತ್ತುವುದಿಲ್ಲ, 'ದೊಡ್ಡದು' ಎನ್ನುತ್ತಾರೆ. ಹೆಸರು ಹಿಡಿದರೆ ಕರೆದಂತೆ ಎಂಬ ನಂಬಿಕೆ.

ಆಮೇಲೆ ಊಟಿಯಿಂದ ಸಿಂಧುಜಾ ಬಂದರು. ವಾರಕ್ಕೊಮ್ಮೆ ಮಕ್ಕಳೊಡನೆ ಕೂತು ಅವರ ಮನಸ್ಸಿನ ಮಾತು ಕೇಳುವ ಆಪ್ತಸಮಾಲೋಚಕಿ. ಅವರ ಚೀಲದ ತುಂಬ ಬಣ್ಣದ ಪೆನ್ಸಿಲು. ರಂಗಿಯ ಮಣೆ ಖಾಲಿಯಾಯಿತು.

"ಹೊಟ್ಟೆ ಉರ್ದೋಯ್ತು ಕಣಣ್ಣ. ಇಷ್ಟು ದಿನ ಮೂಗು ಒರೆಸಿದೋಳು ನಾನು. ಈ ಊಟಿ ಟೀಚರು ಒಂದು ಪೆನ್ಸಿಲ್ ಕೊಟ್ಟದ್ದೇ ಎಲ್ಲಾ ಅತ್ಲಾಗೆ ಓಡೋದ್ವು!"

ಇಷ್ಟು ಬಿಚ್ಚುಮಾತಿನ ಹೊಟ್ಟೆಕಿಚ್ಚು ನಾನು ಕಂಡದ್ದು ಕಡಿಮೆ. ನಮ್ಮಂಥ ಬರಹಗಾರರು ಇದನ್ನೇ ವಿಮರ್ಶೆ ಎಂದು ಬರೆದು ಕೆಳಗೆ ಹೆಸರು ಹಾಕಿಕೊಳ್ಳುತ್ತೇವೆ.

ಜನನಿಯೂ ಅತ್ತ ಹೊರಡಲು ಎದ್ದಾಗ ರಂಗಿ ತಡೆಯಲಾರದೆ ಹೇಳಿಬಿಟ್ಟರು: "ಅಲ್ಲಿ ಅದರ ಹೆಸರು ಹೇಳುಸ್ತಾರೆ. ಹೇಳಿದ್ರೆ ಇವತ್ತೇ ನಿಮ್ಮನೆ ತಾವ ಬತ್ತದೆ."

ಹುಡುಗಿ ಸಿಂಧುಜಾ ಬಳಿ ಹೋಗಲಿಲ್ಲ. ಮರುದಿನದಿಂದ ಶಾಲೆಗೂ ಬರಲಿಲ್ಲ.

"ಹೆಸ್ರಿನ ಭಯ ನಂಗೂ ಇತ್ತು, ಸುಳ್ಳಲ್ಲ. ಆದ್ರೆ ಅವತ್ತು ಬಾಯಿಗೆ ಬಂದದ್ದು ಭಯ ಅಲ್ಲ, ಕಿಚ್ಚು" ಎನ್ನುತ್ತಾರೆ ರಂಗಿ. ಮಗು ಶಾಲೆಯನ್ನೇ ಬಿಟ್ಟೀತೆಂದು ದಿಗಿಲಾಗಿ, ಪಾತ್ರೆ ತೊಳೆದಿಟ್ಟು ಅವಳ ಮನೆಗೇ ನಡೆದರು. ಜನನಿ ಬಾಗಿಲ ಮರೆಯಿಂದ ಹೊರಬರಲಿಲ್ಲ. ಕೊನೆಗೆ ರಂಗಿ, ಹುಟ್ಟಿದಾಗಿನಿಂದ ತಾವು ಎತ್ತದ ಹೆಸರನ್ನು ಅಂಗಳದಲ್ಲಿ ನಿಂತು ಕೂಗಿದರು: "ಆನೆ! ಆನೆ! ನೋಡವ್ವ, ಬಂತಾ?"

ಕೂಗಿ, ಅದು ಬಾರದ್ದನ್ನು ತೋರಿಸಲು ಅಲ್ಲೇ ಅಂಗಳದಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಹುಡುಗಿ ಹೊರಬಂದಳು. ಅವಳನ್ನು ಸಿಂಧುಜಾ ಕೂರುವ ಕೋಣೆಗೆ ಕರೆದೊಯ್ದು ಬಿಟ್ಟವರೂ ರಂಗಿಯೇ.

ಇವತ್ತು ಸಿಂಧುಜಾ ಬರುವ ದಿನ. ಒಳಗೆ ಜನನಿ ಚಿತ್ರ ಬರೆಯುತ್ತ ಒಂದೇ ಸಮನೆ ಮಾತಾಡುತ್ತಿದ್ದಾಳೆ. ಹೊರಗೆ ಜಗುಲಿಯಲ್ಲಿ ರಂಗಿ ಅಕ್ಕಿ ಆರಿಸುತ್ತಿದ್ದಾರೆ. ತಮ್ಮೊಡನೆ ಅವಳು ಎಂದೂ ಇಷ್ಟು ಮಾತಾಡಿಲ್ಲ ಎಂದು ಮುಖ ಸಿಂಡರಿಸುತ್ತಾರೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲವೇ ಎಂದು ಕೇಳುತ್ತೇನೆ.

"ಎಲ್ಲಿ ಹೋದಾತು! ಒಳಗಿನ ಮಾತೆಲ್ಲ ಅವರಿಗೇ ಇರ್ಲಿ. ಬಾಗಿಲುತನಕ ಆ ಮಗು ಹಿಡ್ಕೊಳ್ಳೋದು ನನ್ನ ಕೈಯ. ಅದ ಮಾತ್ರ ಯಾರ್ಗೂ ಬುಟ್ಟುಕೊಡಕಿಲ್ಲ."